29 ವಾರಕ್ಕೆ ಹುಟ್ಟಿದ ಮಗಳು, 14 ತಿಂಗಳಾದರೂ ಮಾತಿಲ್ಲ. ಕಾಯಲಾ, ತೋರಿಸಲಾ?

ಚಿನ್ನುಅಮ್ಮ_ಹಾಸನ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನನ್ನ ಮಗಳು ದಿನ ತುಂಬುವ ಮೊದಲೇ, 29 ವಾರಕ್ಕೆ ಹುಟ್ಟಿದಳು. ತೂಕ 1,150 ಗ್ರಾಂ. 47 ದಿನ ಎಳೆ ಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ ಬೆಚ್ಚಗಿಡುವ ಪೆಟ್ಟಿಗೆಯೊಳಗೆ ಇದ್ದಳು. ಆ ದಿನಗಳನ್ನು ಈಗ ನೆನೆಸಿಕೊಂಡರೂ ಕೈ ತಣ್ಣಗಾಗುತ್ತದೆ. ಈಗ 14 ತಿಂಗಳು. ಕೂರುತ್ತಾಳೆ, ಮಂಚ ಹಿಡಿದು ನಿಲ್ಲುತ್ತಾಳೆ, ಚೆನ್ನಾಗಿ ನಗುತ್ತಾಳೆ. ಆದರೆ ಮಾತಿಲ್ಲ. "ಅಮ್ಮ" ಅಂತಲೂ ಇಲ್ಲ.

ಎದುರುಮನೆಯ ಮಗು ಇವಳಿಗಿಂತ ಒಂದು ವಾರ ಚಿಕ್ಕದು. ಅದು ಆಗಲೇ "ಅಜ್ಜಿ", "ಬೇಡ", "ಕಾಕಾ" ಎನ್ನುತ್ತದೆ. ನಮ್ಮತ್ತೆ "ಇವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಸುಮ್ನೆ ಇರು" ಎನ್ನುತ್ತಾರೆ. ನಾದಿನಿ "ಇವತ್ತೇ ತೋರಿಸು" ಎನ್ನುತ್ತಾಳೆ. ಇಬ್ಬರೂ ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ರಾತ್ರಿ ನಿದ್ದೆ ಬಾರದವಳು ಮಾತ್ರ ನಾನು. ಇದೇ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ.

ಅವಳಿಅಪ್ಪ_ಶಿವಮೊಗ್ಗ

ತಂಗಿ, ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ನಮ್ಮ ಅವಳಿ ಮಕ್ಕಳು 28 ವಾರಕ್ಕೆ ಹುಟ್ಟಿದವರು. ಈಗ ನಾಲ್ಕು ವರ್ಷ. ನಾವೂ ಇದೇ ತಪ್ಪು ಮಾಡಿದ್ದೆವು.

ದಿನ ತುಂಬುವುದು 40 ವಾರಕ್ಕೆ. ನಿಮ್ಮ ಮಗಳು 11 ವಾರ ಮುಂಚೆ ಬಂದಿದ್ದಾಳೆ, ಅಂದರೆ ಎರಡೂವರೆ ತಿಂಗಳು. 14ರಲ್ಲಿ ಎರಡೂವರೆ ಕಳೆದರೆ ಹನ್ನೊಂದೂವರೆ. ಬೆಳವಣಿಗೆ ನೋಡುವಾಗ ಅವಳ ವಯಸ್ಸು ಅಷ್ಟೇ. ಇದಕ್ಕೆ ಕರೆಕ್ಟೆಡ್ ಏಜ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ವರ್ಷದವರೆಗೂ ಹೀಗೇ ಲೆಕ್ಕ ಹಾಕುತ್ತಾರೆ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ, ಅದನ್ನು ಮುಂದೆ ಹಾಕಬೇಡಿ.

ಹನ್ನೊಂದೂವರೆ ತಿಂಗಳ ಮಗು ಇನ್ನೂ ಮಾತಾಡದೆ ಇರುವುದು ವಿಶೇಷವೇನಲ್ಲ. ಎದುರುಮನೆ ಮಗುವಿನ ಜೊತೆ ಹೋಲಿಸುವುದನ್ನು ಇವತ್ತೇ ಬಿಟ್ಟುಬಿಡಿ.

ಮಾತುಕತೆ_ಮೈಸೂರು

ನಾನು ಸ್ಪೀಚ್ ಥೆರಪಿಸ್ಟ್. ಓದಿದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ.

ಶಿವಮೊಗ್ಗದ ಅಣ್ಣ ಹೇಳಿದ ಲೆಕ್ಕ ಸರಿ. ಆದರೆ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡು ಅಲ್ಲಿಗೇ ಬಿಡಬೇಡಿ, ತಾಯಿ. ಈ ವಯಸ್ಸಿನಲ್ಲಿ ನಾನು "ಎಷ್ಟು ಮಾತಾಡುತ್ತದೆ" ಎಂದು ಕೇಳುವುದಿಲ್ಲ. ಮಾತಿಗೆ ಮುಂಚೆ ಬರುವುದೆಲ್ಲ ಬಂದಿದೆಯಾ ಎಂದು ಕೇಳುತ್ತೇನೆ. ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಾಳಾ? "ಬಬಬ", "ದದದ", "ಮಮಮ" ಅಂತ ಸರಪಳಿಯಾಗಿ ಸದ್ದು ಮಾಡುತ್ತಾಳಾ? ಟಾಟಾ ಮಾಡುತ್ತಾಳಾ? ಎತ್ತಿಕೊಳ್ಳಲಿ ಎಂದು ಕೈ ಚಾಚುತ್ತಾಳಾ? ಬೇಕಾದ್ದನ್ನು ನೋಡಿ, ಆಮೇಲೆ ನಿಮ್ಮ ಮುಖ ನೋಡಿ, ಮತ್ತೆ ಅದರ ಕಡೆ ನೋಡುತ್ತಾಳಾ?

ಡ್ಯೂ ಡೇಟಿನಿಂದ ಎಣಿಸಿ 10 ತಿಂಗಳಾದರೂ "ಬಬಬ" ತರಹದ ಸದ್ದು ಬರದಿದ್ದರೆ ನಾನು ಕಾಯುವುದಿಲ್ಲ. ಬರೀ "ಆ", "ಊ" ಅಂತ ರಾಗ ಎಳೆಯುವುದು ಬೇರೆ, ಪ ಬ ಮ ದ ಸೇರಿಸಿ ಸರ ಕಟ್ಟುವುದು ಬೇರೆ. ಎರಡನೆಯದು ಬರಬೇಕಾದರೆ ತನ್ನ ಸದ್ದು ತನಗೇ ಕೇಳಿಸಬೇಕು.

ಅದಕ್ಕೇ ನನ್ನ ಮೊದಲ ಪ್ರಶ್ನೆ: ಕಿವಿ ಪರೀಕ್ಷೆ ಆಗಿದೆಯಾ? ಯಾವ ಪರೀಕ್ಷೆ ಎಂದು ಡಿಸ್ಚಾರ್ಜ್ ಹಾಳೆ ತೆಗೆದು ನೋಡಿ ಹೇಳಿ.

ಗಂಗಜ್ಜಿ_ಧಾರವಾಡ

ನನಗೆ 71 ವರ್ಷ. ಮೊಮ್ಮಗಳು ಇದನ್ನು ಓದಿ ಹೇಳಿದಳು. ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಹೆದರಬೇಡ ಮಗಳೇ. ನಮ್ಮ ಕಾಲದಲ್ಲಿ ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುವುದೇ ಅಪರೂಪ. ನಿನ್ನ ಕೂಸು ಉಳಿದಿದೆ, ನಗುತ್ತಿದೆ. ನಾವು ಮಾತು ತಡವಾದರೆ ಬಜೆ ಬೇರನ್ನು ತೇದು, ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚುತ್ತಿದ್ದೆವು. ನನ್ನ ನಾಲ್ಕು ಮಕ್ಕಳಿಗೂ ಹಚ್ಚಿದ್ದೇನೆ. ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಾ ಮಾತಾಡಿಸುತ್ತಿದ್ದೆವು. ಈಗಿನವರು ಮೊಬೈಲ್ ಹಿಡಿದುಕೊಂಡು ತಿಕ್ಕುತ್ತಾರೆ.

ಮಾತುಕತೆ_ಮೈಸೂರು

ಅಜ್ಜಿ, ನಿಮ್ಮ ಎರಡನೇ ಮಾತಿಗೆ ಕೈ ಮುಗಿಯುತ್ತೇನೆ. ಎಣ್ಣೆ ತಿಕ್ಕುವಾಗ ಮಗುವಿನ ಮುಖ ನಿಮ್ಮ ಮುಖಕ್ಕೆ ನೇರವಾಗಿ, ಎರಡು ಗೇಣು ದೂರದಲ್ಲಿ ಇರುತ್ತದೆ. "ಕೈ ಎಲ್ಲಿ? ಇಲ್ಲಿದೆ ಕೈ. ಇನ್ನೊಂದು ಕೈ ಎಲ್ಲಿ?" ಎಂದು ರಾಗವಾಗಿ, ಮತ್ತೆ ಮತ್ತೆ, ನಿಧಾನವಾಗಿ ಹೇಳುತ್ತೀರಿ. ನಾವು ತಾಯಂದಿರಿಗೆ ಕಲಿಸುವುದೂ ಇದನ್ನೇ.

ಬಜೆ ಬಗ್ಗೆ ಮಾತ್ರ ನಾನು ಒಪ್ಪುವುದಿಲ್ಲ. ಬಜೆಯಿಂದ ಮಾತು ಬರುತ್ತದೆ ಎನ್ನಲು ಆಧಾರವಿಲ್ಲ, ಸ್ವಲ್ಪ ಜಾಸ್ತಿಯಾದರೂ ವಾಂತಿ ಆಗುತ್ತದೆ. ಇನ್ನು ಜೇನುತುಪ್ಪ. ಒಂದು ವರ್ಷದೊಳಗಿನ ಯಾವ ಮಗುವಿಗೂ ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಲ್ಲಿ ಬೆಳೆದು ಬಾಟುಲಿಸಂ ಎಂಬ ಕಾಯಿಲೆ ತರುತ್ತದೆ. ಇದನ್ನು ಓದುವ ಬೇರೆ ತಾಯಂದಿರಿಗೂ ತಿಳಿಯಲಿ ಎಂದು ಬರೆದೆ, ತಪ್ಪು ತಿಳಿಯಬೇಡಿ ಅಜ್ಜಿ.

ತುಮಕೂರು_ತಾಯಿ

ಕಿವಿ ಪರೀಕ್ಷೆಯ ಮಾತು ಬಂದಿದ್ದರಿಂದ ನಮ್ಮ ಕಥೆ ಹೇಳಲೇಬೇಕು.

ನನ್ನ ಮಗ 30 ವಾರಕ್ಕೆ ಹುಟ್ಟಿದವನು. ಕಾಮಾಲೆ ತುಂಬಾ ಏರಿ ರಕ್ತ ಬದಲಾಯಿಸಬೇಕಾಯಿತು. ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಕಿವಿಗೆ ಸಣ್ಣ ಬಿರಡೆ ಇಟ್ಟು ಒಂದು ಪರೀಕ್ಷೆ ಮಾಡಿದರು. "ಪಾಸ್" ಎಂದು ಬರೆದುಕೊಟ್ಟರು. ನಾವು ನಿಶ್ಚಿಂತೆಯಿಂದ ಇದ್ದುಬಿಟ್ಟೆವು. ಒಂದೂವರೆ ವರ್ಷವಾದರೂ ಕರೆದರೆ ಒಂದು ಸಲ ತಿರುಗುತ್ತಿದ್ದ, ಇನ್ನೊಂದು ಸಲ ಇಲ್ಲ. ಎಲ್ಲರೂ "ತುಂಟ, ಬೇಕಂತಲೇ ಮಾಡ್ತಾನೆ" ಎಂದರು. ನಾನೂ ಹಾಗೇ ಅಂದುಕೊಂಡು ಎರಡು ಸಲ ಬೈದಿದ್ದೇನೆ. ಆ ಬೈಗುಳ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕೊನೆಗೆ ಬೆರಾ ಎಂಬ ಇನ್ನೊಂದು ಕಿವಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಸದ್ದು ಕಿವಿಯೊಳಗೆ ಹೋಗುತ್ತದೆ, ಆದರೆ ನರದಲ್ಲಿ ಸರಿಯಾಗಿ ಸಾಗುವುದಿಲ್ಲ. ಆಡಿಟರಿ ನ್ಯೂರೋಪತಿ ಎಂದರು. ಮೊದಲ ಪರೀಕ್ಷೆ ತಪ್ಪಲ್ಲವಂತೆ. ಅದು ನೋಡುವುದೇ ಒಳಗಿವಿಯನ್ನು, ನರವನ್ನಲ್ಲ. ಅಷ್ಟನ್ನು ಅವತ್ತೇ ಯಾರಾದರೂ ಹೇಳಿದ್ದರೆ ನಮಗೆ ಒಂದು ವರ್ಷ ಉಳಿಯುತ್ತಿತ್ತು.

ಮಾತುಕತೆ_ಮೈಸೂರು

ತುಮಕೂರಿನ ಅಕ್ಕ, ನೀವು ಬೈದಿದ್ದು ತಿಳಿಯದೆ. ಅದನ್ನು ಹೊತ್ತುಕೊಂಡು ತಿರುಗಬೇಡಿ. ನಿಮ್ಮ ಕಥೆ ಇಲ್ಲಿ ಬರೆದಿದ್ದು ದೊಡ್ಡ ಉಪಕಾರ.

ಉಳಿದವರಿಗೆ ಬಿಡಿಸಿ ಹೇಳುತ್ತೇನೆ. ಬಿರಡೆ ಇಟ್ಟು ಎರಡು ನಿಮಿಷದಲ್ಲಿ ಮಾಡುವುದು ಓಎಇ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಮಗು ಮಲಗಿದ್ದಾಗ ಮಾಡುವುದು ಬೆರಾ. ಎನ್‌ಐಸಿಯುನಲ್ಲಿ ಐದು ದಿನಕ್ಕಿಂತ ಜಾಸ್ತಿ ಇದ್ದ ಮಗುವಿಗೆ ಓಎಇ ಒಂದೇ ಸಾಲದು, ನರದವರೆಗೂ ನೋಡುವ ಬೆರಾ ತರಹದ ಪರೀಕ್ಷೆ ಬೇಕು ಎಂಬ ಸಲಹೆ 2007ರಿಂದಲೂ ಇದೆ. ಏಕೆಂದರೆ ಕಿವಿಗೆ ತೊಂದರೆ ಕೊಡುವುದೆಲ್ಲ ಈ ಮಕ್ಕಳಿಗೆ ಒಟ್ಟಿಗೇ ಬಂದಿರುತ್ತದೆ: ವಿಪರೀತ ಕಾಮಾಲೆ, ವೆಂಟಿಲೇಟರ್, ಸೋಂಕು, ಸೋಂಕಿಗೆ ಕೊಡುವ ಜೆಂಟಾಮೈಸಿನ್ ತರಹದ ಇಂಜೆಕ್ಷನ್. ಇಂಜೆಕ್ಷನ್ ಕೊಟ್ಟಿದ್ದು ತಪ್ಪಲ್ಲ, ಜೀವ ಉಳಿಸಿದ್ದೇ ಅದು. ಕೊಟ್ಟ ಮೇಲೆ ಕಿವಿ ನೋಡದೆ ಬಿಡುವುದು ತಪ್ಪು.

ನಮ್ಮಲ್ಲಿ 1, 3, 6 ಎಂಬ ಲೆಕ್ಕವಿದೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರರೊಳಗೆ ತೊಂದರೆ ಇದೆಯೋ ಇಲ್ಲವೋ ಖಚಿತವಾಗಬೇಕು, ಆರರೊಳಗೆ ಚಿಕಿತ್ಸೆ ಶುರುವಾಗಬೇಕು. ಇದು ಮೀರಿದೆ ಎಂದು ಕೈಚೆಲ್ಲಬೇಡಿ. ಯಾವಾಗ ಗೊತ್ತಾಯಿತೋ ಅಂದೇ ಹೊರಡಿ.

ಚಿನ್ನುಅಮ್ಮ_ಹಾಸನ

ಮೇಡಂ, ಹಾಳೆ ನೋಡಿದೆ. "ಓಎಇ ಪಾಸ್, ಬೆರಾಗೆ 3 ತಿಂಗಳಲ್ಲಿ ಬನ್ನಿ" ಎಂದು ಇದೆ. ಅದನ್ನು ನಾವು ಓದಿಯೇ ಇರಲಿಲ್ಲ. ಆಗ ಕಣ್ಣಿನ ಚಿಂತೆಯೇ ದೊಡ್ಡದಾಗಿತ್ತು. ಕಣ್ಣಿನ ಹಿಂಪದರಕ್ಕೆ, ಅಂದರೆ ರೆಟಿನಾಗೆ, ಲೇಸರ್ ಮಾಡಿಸಿದೆವು.

ಹೆಸರಿಗೆ ತಿರುಗುತ್ತಾಳೆ, ಆದರೆ ಪ್ರತಿ ಸಲ ಅಲ್ಲ. ಟಾಟಾ ಮಾಡುತ್ತಾಳೆ. "ಬಾಬಾ" ಹೋದ ವಾರದಿಂದ ಶುರುವಾಗಿದೆ. ಬೆರಾಗೆ ನಾಳೆಯೇ ಫೋನ್ ಮಾಡುತ್ತೇನೆ.

ಅವಳಿಅಪ್ಪ_ಶಿವಮೊಗ್ಗ

ನಮ್ಮದೂ ಹೀಗೇ ಆಗಿತ್ತು. ಕಣ್ಣಿಗೆ ಎಲ್ಲರೂ ನೆನಪಿಸಿದರು. ಹುಟ್ಟಿದ 30 ದಿನದೊಳಗೆ ರೆಟಿನಾ ನೋಡಿಸಲೇಬೇಕು ಎಂದು ಡಾಕ್ಟರು ಮೂರು ಸಲ ಹೇಳಿದರು. ಜಿಲ್ಲೆ ಜಿಲ್ಲೆಗೆ ಕ್ಯಾಮೆರಾ ತೆಗೆದುಕೊಂಡು ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುವ ಕಿಡ್‌ರಾಪ್ ಎಂಬ ಕೆಲಸವನ್ನು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲೇ ಶುರು ಮಾಡಿದೆ. ಎಷ್ಟು ಮಕ್ಕಳ ದೃಷ್ಟಿ ಅದರಿಂದ ಉಳಿದಿದೆಯೋ. ನಮ್ಮ ಮಕ್ಕಳ ಕಿವಿಗೂ ಅಷ್ಟೇ ಗಟ್ಟಿಯಾಗಿ ಯಾರಾದರೂ ನೆನಪಿಸಬೇಕಿತ್ತು.

ದಾದಿ_ಕೊಪ್ಪಳ

ನಾನು ನವಜಾತ ಶಿಶು ಘಟಕದಲ್ಲಿ ನರ್ಸ್. ಇಲ್ಲಿ ಎಲ್ಲರೂ ಮನೆಗೆ ಬಂದ ಮೇಲಿನ ಮಾತು ಹೇಳುತ್ತಿದ್ದೀರಿ. ನಾನು ಪೆಟ್ಟಿಗೆಯೊಳಗಿನ ದಿನಗಳ ಬಗ್ಗೆ ಹೇಳುತ್ತೇನೆ, ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಹೊಟ್ಟೆಯಲ್ಲಿ ಆರು ತಿಂಗಳು ದಾಟುವ ಹೊತ್ತಿಗೆ ಮಗುವಿಗೆ ಸದ್ದು ಕೇಳಲು ಶುರುವಾಗುತ್ತದೆ. ಚೂಪು ಸದ್ದುಗಳು ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ತಲುಪುವುದು ತಾಯಿಯ ದನಿಯ ಏರಿಳಿತ, ಮಾತಿನ ಲಯ. ಹುಟ್ಟಿ ಮೂರು ದಿನವೂ ಆಗದ ಮಕ್ಕಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಲೆಂದೇ ಚೀಪುವ ರೀತಿ ಬದಲಿಸುತ್ತವೆ ಎಂದು 1980ರಲ್ಲೇ ಅಮೆರಿಕದಲ್ಲಿ ತೋರಿಸಿದ್ದಾರೆ. ದಿನ ತುಂಬಿದ ಮಗು ಆ ದನಿಯನ್ನು ಮೂರು ತಿಂಗಳು ಕೇಳಿಯೇ ಹೊರಗೆ ಬರುತ್ತದೆ. ನಮ್ಮ ಘಟಕದ ಮಗುವಿಗೆ ಆ ಮೂರು ತಿಂಗಳಲ್ಲಿ ಸಿಗುವುದು ಮಾನಿಟರಿನ ಬೀಪ್, ಪೆಟ್ಟಿಗೆಯ ಬಾಗಿಲು ಹಾಕುವ ಸದ್ದು, ನಮ್ಮ ಗಲಾಟೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಎನ್‌ಐಸಿಯುನಲ್ಲಿ ಸದ್ದು 45 ಡೆಸಿಬೆಲ್ ದಾಟಬಾರದು ಎಂದು 1997ರಲ್ಲೇ ಹೇಳಿತು. ನಾವು ಸಹಜವಾಗಿ ಮಾತಾಡಿಕೊಂಡರೇ ಅದಕ್ಕಿಂತ ಜಾಸ್ತಿ.

ಹಾಗಂತ ಮೌನ ಒಳ್ಳೆಯದು ಅಂದುಕೊಳ್ಳಬೇಡಿ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಇಂಥ ಮಕ್ಕಳ ಅಂಗಿಯಲ್ಲಿ ಪುಟ್ಟ ರೆಕಾರ್ಡರ್ ಇಟ್ಟು, ದಿನಕ್ಕೆ ಎಷ್ಟು ಮಾತು ಕಿವಿಗೆ ಬೀಳುತ್ತದೆ ಎಂದು ಎಣಿಸಿದರು. 32 ವಾರದ ಕೂಸುಗಳೇ ಸಣ್ಣದಾಗಿ ಸದ್ದು ಹೊರಡಿಸುತ್ತಿದ್ದವು. ಅಪ್ಪ ಅಮ್ಮ ಪಕ್ಕದಲ್ಲಿದ್ದಾಗ ಆ ಸದ್ದು ಜಾಸ್ತಿ. ಅಲ್ಲಿ ಹೆಚ್ಚು ಮಾತು ಕೇಳಿದ ಮಕ್ಕಳು ಒಂದೂವರೆ ವರ್ಷದ ಹೊತ್ತಿಗೆ ಭಾಷೆಯಲ್ಲಿ ಮುಂದಿದ್ದರು. 2014ರಲ್ಲಿ ಬಂದ ಈ ಅಧ್ಯಯನ ಚಿಕ್ಕದು, ಅದೊಂದೇ ಎಲ್ಲವನ್ನೂ ಸಾಧಿಸುವುದಿಲ್ಲ. ಆದರೆ ಅದನ್ನು ಓದಿದ ಮೇಲೆ ನಾನು ನಮ್ಮ ಘಟಕದಲ್ಲಿ ತಾಯಂದಿರನ್ನು "ಒಳಗೆ ಬನ್ನಿ, ಮಾತಾಡಿ" ಎಂದು ಕರೆಯುತ್ತೇನೆ.

ಅದಕ್ಕೆ ಒಳ್ಳೆಯ ಜಾಗ ತಾಯಿಯ ಎದೆಯೇ. ಕೂಸನ್ನು ಬರಿ ಎದೆಗೆ ಒರಗಿಸಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯರನ್ನೂ ಸೇರಿಸಿಕೊಂಡು ಮನೆ ಮನೆಗೆ ತಲುಪಿಸುವ ಕೆಲಸ ನಡೆದಿದೆ. ಅಪ್ಪನೂ ಎದೆಗೆ ಹಾಕಿಕೊಳ್ಳಬಹುದು, ಅಜ್ಜಿಯೂ. ಮೊದಲ ದಿನ ಗಂಡಸರು ನಾಚುತ್ತಾರೆ. ಮೂರನೇ ದಿನ ಕೂಸನ್ನು ಕೊಡಿ ಎಂದರೂ ಕೊಡುವುದಿಲ್ಲ.

ಕುಡ್ಲದ_ಅಪ್ಪ

ಒಂದು ಸಣ್ಣ ಪ್ರಶ್ನೆ. ನಮ್ಮ ಮಗ 34 ವಾರಕ್ಕೆ ಹುಟ್ಟಿದವನು, ಈಗ ಎರಡು ವರ್ಷ. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ. "ಮೊದಲೇ ಹಿಂದಿದ್ದಾನೆ, ಒಂದೇ ಭಾಷೆ ಇಟ್ಟುಕೊಳ್ಳಿ" ಎಂದು ಒಬ್ಬರು ಹೇಳಿದರು. ತುಳು ಬಿಡಬೇಕಾ?

ಮಾತುಕತೆ_ಮೈಸೂರು

ಬಿಡಬೇಡಿ ಸರ್. ಎರಡು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ನಿಮ್ಮ ಬಾಯಿಗೆ ಯಾವ ಭಾಷೆ ತಡೆಯಿಲ್ಲದೆ ಬರುತ್ತದೋ ಅದರಲ್ಲೇ ಮಾತಾಡಿ. ಎಣಿಸುವಾಗ ಎರಡನ್ನೂ ಸೇರಿಸಿ ಎಣಿಸಿ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ಹಾಲು ಬೇಕು", "ಅಪ್ಪ ಬಾ" ಹೀಗೆ ಎರಡು ಪದದ ಜೋಡಣೆ. ನೀರಿಗೆ ತುಳುವಿನಲ್ಲಿ ಒಂದು ಪದ, ಕನ್ನಡದಲ್ಲಿ ಒಂದು ಪದ ಹೇಳಿದರೆ ಅವು ಎರಡು ಪದಗಳೇ. ಇಷ್ಟೂ ಇಲ್ಲದಿದ್ದರೆ ತೋರಿಸಿ.

ನೆಮ್ಮದಿ_ದಾವಣಗೆರೆ

ನನಗೆ ಸ್ವಲ್ಪ ಬೇಸರವಾಗುತ್ತಿದೆ. ನನ್ನ ಮಗ 33 ವಾರದವನು. ಎರಡೂಕಾಲು ವರ್ಷಕ್ಕೆ ಮಾತು ಬಂತು. ಯಾವ ಥೆರಪಿಯೂ ಇಲ್ಲ. ಈಗ ಶಾಲೆಯಲ್ಲಿ ಅವನದೇ ಬಾಯಿ ಜೋರು. ಆಗ ನಾನು ಇಂಥದ್ದನ್ನೆಲ್ಲ ಓದಿ ಓದಿ ಆರು ತಿಂಗಳು ಅಳುತ್ತಾ ಕಳೆದೆ. ಹೊಸ ತಾಯಂದಿರನ್ನು ಇಷ್ಟು ಹೆದರಿಸಬೇಕಾ?

ಅನು_ಬೆಂಗಳೂರು

ಅಕ್ಕ, ನಿಮ್ಮ ಬೇಸರ ಅರ್ಥವಾಗುತ್ತದೆ. ನಿಮ್ಮ ಮಗನ ಹಾಗೆ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ನನ್ನ ಮಗಳೂ ಹಾಗೇ ಅಂದುಕೊಂಡಿದ್ದೆವು. 27 ವಾರಕ್ಕೆ ಹುಟ್ಟಿದವಳು. ಮೂರು ವರ್ಷಕ್ಕೆ ಪಟಪಟ ಮಾತು. ಫಾಲೋಅಪ್ ನಿಲ್ಲಿಸಿಬಿಟ್ಟೆವು.

ಎರಡನೇ ಕ್ಲಾಸಿಗೆ ಬಂದಾಗ ಟೀಚರ್ "ಗಮನ ಕೊಡುವುದಿಲ್ಲ" ಎಂದರು. ಮನೆಯಲ್ಲಿ ಗಮನಿಸಿ ನೋಡಿದೆ. "ಚಪ್ಪಲಿ ತಗೋ" ಎಂದರೆ ತರುತ್ತಾಳೆ. "ಊಟ ಮಾಡಿದ ಮೇಲೆ, ಮಳೆ ನಿಂತಿದ್ದರೆ, ಅಜ್ಜಿ ಕೊಟ್ಟ ಚೀಲ ತಗೊಂಡು ಬಾ" ಎಂದರೆ ಸುಮ್ಮನೆ ನಿಲ್ಲುತ್ತಾಳೆ. "ಮಾಡಿದ ಮೇಲೆ", "ನಿಂತಿದ್ದರೆ", "ಕೊಟ್ಟ" ಎಂಬ ಕೊಂಡಿಗಳನ್ನು ಒಟ್ಟಿಗೆ ಹಿಡಿದುಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಕಥೆ ಹೇಳು ಎಂದರೆ ಬಿಡಿ ಬಿಡಿ ತುಣುಕು ಹೇಳುತ್ತಿದ್ದಳು, ಯಾಕೆ ಹಾಗಾಯಿತು ಎನ್ನುವುದು ಬರುತ್ತಿರಲಿಲ್ಲ. ಪದಗಳು ತುಂಬಾ ಇದ್ದಿದ್ದರಿಂದ ಈ ಕೊರತೆ ಯಾರಿಗೂ ಕಾಣಲಿಲ್ಲ.

ಆಮೇಲೆ ತಿಳಿಯಿತು, ಇದು ನಮ್ಮ ಮನೆಯೊಂದರ ಕಥೆಯಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೆದರ್ಲೆಂಡ್ಸ್‌ನವರು 2012ರಲ್ಲಿ ಬರೆದಿದ್ದಾರೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಬಿಡಿ ಪದಗಳಲ್ಲಿ ಇರುವ ಅಂತರ ಅಷ್ಟೇ ಉಳಿಯುತ್ತದೆ. ಜಟಿಲವಾದ ಭಾಷೆಯಲ್ಲಿ ಅಂತರ 3ರಿಂದ 12 ವರ್ಷದ ನಡುವೆ ಹಿಗ್ಗುತ್ತದೆ. ಪ್ರತಿ ಮಗುವಿಗೂ ಹೀಗಾಗುತ್ತದೆ ಎಂದಲ್ಲ. ಮಾತು ಬಂತು ಎಂದು ಫೈಲ್ ಮುಚ್ಚಬೇಡಿ ಎನ್ನುವುದಕ್ಕಷ್ಟೇ ಹೇಳಿದೆ. ಈಗ ಥೆರಪಿ ನಡೆಯುತ್ತಿದೆ. ರಾತ್ರಿ ಕಥೆ ಹೇಳಿ ಮಧ್ಯದಲ್ಲಿ ನಿಲ್ಲಿಸಿ "ಯಾಕೆ?" ಎಂದು ಕೇಳುತ್ತೇನೆ. ಮೊನ್ನೆ ಮೊದಲ ಸಲ "ಯಾಕಂದ್ರೆ" ಎಂದು ಶುರು ಮಾಡಿ ವಾಕ್ಯ ಮುಗಿಸಿದಳು. ನಾನು ಎದ್ದು ಹೋಗಿ ಅತ್ತುಬಂದೆ.

ನೆಮ್ಮದಿ_ದಾವಣಗೆರೆ

ಅನು ಅವರೇ, ಇದು ನನಗೆ ಗೊತ್ತಿರಲಿಲ್ಲ. ನನ್ನ ಮಗನಿಗೂ ಇವತ್ತು ಅಂಥ ಒಂದು ಉದ್ದನೆಯ ವಾಕ್ಯ ಹೇಳಿ ನೋಡಿದೆ. ಮಾಡಿದ. ಆದರೂ ಮುಂದಿನ ವರ್ಷ ಮತ್ತೆ ನೋಡುತ್ತೇನೆ.

ಮಾತುಕತೆ_ಮೈಸೂರು

ದಾವಣಗೆರೆ ಅಕ್ಕನ ಒಂದು ಮಾತು ನಿಜ. ಹೆದರಿದ ತಾಯಿ ಮಗುವಿನ ಜೊತೆ ಆಡುವುದನ್ನು ಬಿಟ್ಟು ಪರೀಕ್ಷೆ ಮಾಡಲು ಶುರು ಮಾಡುತ್ತಾಳೆ. "ಅಮ್ಮ ಅನ್ನು, ಅನ್ನು, ಅನ್ನು ಮತ್ತೆ" ಎಂದು ಒತ್ತಾಯ ಮಾಡುವುದನ್ನು ದಿನಾ ನೋಡುತ್ತೇನೆ. ಅದು ಬೇಡ. ಮಗು "ಬಾ" ಎಂದರೆ ನೀವೂ "ಬಾ" ಎನ್ನಿ. ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ದಿನ ತುಂಬದೆ ಹುಟ್ಟಿದ ಮಗುವಿಗೆ ಉತ್ತರ ಕೊಡಲು ಜಾಸ್ತಿ ಹೊತ್ತು ಬೇಕಾಗಬಹುದು. ನಾವು ಅದರ ಸರದಿಯನ್ನೂ ನಾವೇ ತಿಂದುಬಿಡುತ್ತೇವೆ. "ಬುವ್ವಾ", "ತಾಚಿ" ಎಂದು ಮಗುಭಾಷೆಯಲ್ಲಿ ಮಾತಾಡಿದರೆ ಮಗು ಹಾಳಾಗುತ್ತದೆ ಎನ್ನುವವರನ್ನು ನಂಬಬೇಡಿ. ಆ ರಾಗವೇ ಮಗುವಿನ ಕಿವಿ ಹಿಡಿಯುವುದು.

ಮೊಬೈಲ್ ಮತ್ತು ಟಿವಿ ಎರಡು ವರ್ಷದವರೆಗೆ ಬೇಡವೇ ಬೇಡ. ಪರದೆ ಮಗುವಿಗೆ ಸರದಿ ಕೊಡುವುದಿಲ್ಲ.

ದುಡ್ಡಿನ ಚಿಂತೆ ಇರುವವರಿಗೆ: ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡಿ ಚಿಕಿತ್ಸೆ ಶುರು ಮಾಡುವ ಡಿಇಐಸಿ ಎಂಬ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬಂದವು, ಸೇವೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ತಾಯಿ ಕಾರ್ಡ್, ಡಿಸ್ಚಾರ್ಜ್ ಹಾಳೆ ಎರಡೂ ಇರಲಿ.

ಚಿನ್ನುಅಮ್ಮ_ಹಾಸನ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬೆರಾ ಆಯಿತು. ಎಡಗಿವಿ ಸರಿ ಇದೆ. ಬಲಗಿವಿಯಲ್ಲಿ ಸ್ವಲ್ಪ ಕಡಿಮೆ ಬಂದಿದೆ. ಆ ವಾರ ಶೀತ ಇತ್ತು, ಒಳಗೆ ನೀರು ತುಂಬಿರಬಹುದು ಎಂದು ಆರು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಸ್ಪೀಚ್ ಥೆರಪಿಸ್ಟ್ ನೋಡಿ, ಅವಳು ಹನ್ನೆರಡು ತಿಂಗಳ ಮಗುವಿಗೆ ಹತ್ತಿರವೇ ಇದ್ದಾಳೆ, ತಿಂಗಳಿಗೊಮ್ಮೆ ಬನ್ನಿ ಎಂದರು.

ನಾನು ಹತ್ತು ಎಣಿಸುವುದನ್ನು ಶುರು ಮಾಡಿದ್ದೇನೆ. ಮೊದಲೆಲ್ಲ ಐದಕ್ಕೇ ಬಾಯಿ ತೆರೆಯುತ್ತಿದ್ದೆ. ನಿನ್ನೆ "ಎತ್ಕೋಬೇಕಾ?" ಎಂದು ಕೇಳಿ ಸುಮ್ಮನೆ ಕೂತೆ. ಎಂಟಕ್ಕೆ ಎರಡೂ ಕೈ ಎತ್ತಿ "ಏ" ಎಂದಳು. ಅತ್ತೆ ಈಗ ನನಗಿಂತ ಜಾಸ್ತಿ ಎಣಿಸುತ್ತಾರೆ, ಜೋರಾಗಿ.

ಹೊಸಬ_ರಾಯಚೂರು

ನಮಸ್ಕಾರ. ನಮ್ಮ ಮಗಳು ಆರು ದಿನದ ಹಿಂದೆ 31 ವಾರಕ್ಕೆ ಹುಟ್ಟಿದ್ದಾಳೆ. ಪೆಟ್ಟಿಗೆಯಲ್ಲಿದ್ದಾಳೆ. ಹೆಂಡತಿ ಸಿಸೇರಿಯನ್ ಆಗಿ ಬೇರೆ ವಾರ್ಡಿನಲ್ಲಿದ್ದಾಳೆ. ನಾನೇ ದಿನಕ್ಕೆ ಎರಡು ಸಲ ಹೋಗಿ ಗಾಜಿನಾಚೆ ನಿಂತು ಬರುತ್ತೇನೆ. ಇದೆಲ್ಲ ಓದಿದೆ. ನಾನು ಏನು ಮಾತಾಡಲಿ? ಯಾವಾಗಿನಿಂದ?

ದಾದಿ_ಕೊಪ್ಪಳ

ಅಣ್ಣ, ನಾಳೆಯಿಂದಲೇ. ಕೈ ಮೊಣಕೈಯವರೆಗೆ ತೊಳೆದುಕೊಳ್ಳಿ, ಉಂಗುರ, ವಾಚು ತೆಗೆದಿಡಿ. ಪೆಟ್ಟಿಗೆಯ ಪಕ್ಕದ ಕಿಂಡಿ ತೆಗೆಯಬಹುದಾ ಎಂದು ನರ್ಸ್‌ನ ಕೇಳಿ. ಒಂದು ಕೈಯನ್ನು ತಲೆಗೆ, ಇನ್ನೊಂದನ್ನು ಪಾದಕ್ಕೆ ಆತು ಹಿಡಿಯಿರಿ, ಸವರಬೇಡಿ. ಪಿಸುಗುಡುವುದೂ ಬೇಡ, ಜೋರೂ ಬೇಡ. ದೇವರ ಮನೆಯಲ್ಲಿ ಮಾತಾಡುವಷ್ಟು ದನಿ ಸಾಕು. ಅವಳ ಹೆಸರು ಹೇಳಿ. ಇನ್ನೂ ಹೆಸರಿಟ್ಟಿಲ್ಲವಾದರೆ ಮನೆಯಲ್ಲಿ ಕರೆಯುವ ಹೆಸರು. ಬೆಳಿಗ್ಗೆ ಏನು ತಿಂದಿರಿ, ಅವಳ ಅಮ್ಮ ಹೇಗಿದ್ದಾಳೆ, ಹೊರಗೆ ಬಿಸಿಲು ಎಷ್ಟಿದೆ, ಏನನ್ನಾದರೂ ಹೇಳಿ. ಅವಳು ಮುಖ ಆಚೆ ತಿರುಗಿಸಿದರೆ, ಬೆರಳು ಅಗಲ ಮಾಡಿದರೆ, ಬಿಕ್ಕಳಿಸಿದರೆ ಸಾಕಾಯಿತು ಎಂದರ್ಥ. ಆಗ ಮಾತು ನಿಲ್ಲಿಸಿ, ಕೈ ಮಾತ್ರ ಇರಲಿ.

ಎದೆಗೆ ಹಾಕಿಕೊಳ್ಳಲು ಆಗುತ್ತದಾ ಎಂದು ಡಾಕ್ಟರನ್ನು ನೀವಾಗಿಯೇ ಕೇಳಿ, ಅವರು ಕರೆಯುವವರೆಗೂ ಕಾಯಬೇಡಿ. ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಿ.